ನೇಯದೆ ಆದ ಬಟ್ಟೆ: ಧೂಳಿನ ಶೋಧಕಗಳೂ ಅವುಗಳ ಮುಂದಿನ ಬೇಡಿಕೆಯೂ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ, ಎರಡು ಊರುಗಳ ನಡುವೆ, ಮಾಚೇನಹಳ್ಳಿ ಎಂಬ ಗ್ರಾಮವಿದೆ. ಈಗ ಅದೊಂದು ಕೈಗಾರಿಕಾ ಪ್ರದೇಶ. ಈ ಸೀಮೆಗೆ ಕಬ್ಬಿಣದ ಕೆಲಸವು ಹೊಸದಲ್ಲ, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಸ್ಥಾಪಿತವಾದ ಭದ್ರಾವತಿಯ ಕಾರ್ಖಾನೆಯು ೧೯೨೩ರಲ್ಲಿಯೇ ಇದ್ದಿಲು ಉರಿಸುವ ಕುಲುಮೆಯಿಂದ ಕಬ್ಬಿಣವನ್ನು ಕೊಡಲಾರಂಭಿಸಿತು. ಇಂದು ಶಿವಮೊಗ್ಗ ನಗರದಲ್ಲಿಯೂ ಅದರ ಸುತ್ತಮುತ್ತಲೂ ಇರುವ ಎರಕದ ಕಾರ್ಖಾನೆಗಳು, ಅಂದರೆ ಫೌಂಡ್ರಿಗಳು, ಮೋಟಾರು ವಾಹನಗಳ ಭಾಗಗಳನ್ನೂ ಇತರ ಯಂತ್ರಭಾಗಗಳನ್ನೂ ಎರಕ ಹೊಯ್ದು ದೂರದೂರಕ್ಕೆ ಕಳುಹಿಸುತ್ತವೆ.

ಎರಕ ಹೊಯ್ಯುವುದು ಮರಳಿನ ಅಚ್ಚಿನಲ್ಲಿ. ಲೋಹವು ತಣಿದ ಬಳಿಕ ಅಚ್ಚನ್ನು ಅಲುಗಿಸಿ ಒಡೆಯಬೇಕು. ಆಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಭಾಗವು ಅಷ್ಟೇನೂ ಅಪಾಯಕಾರಿಯಲ್ಲ. ಅದು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ತಡೆಯಲ್ಪಡುತ್ತದೆ. ಕಣ್ಣಿಗೆ ಕಾಣದ, ಐದು ಮೈಕ್ರಾನಿಗಿಂತ ಸಣ್ಣದಾದ ಸಿಲಿಕಾ ಕಣಗಳೇ ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುವುವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಕಣಗಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಶ್ವಾಸಕೋಶವು ಗಟ್ಟಿಯಾಗುತ್ತ ಬರುವ ಈ ರೋಗಕ್ಕೆ ಗುಣಪಡಿಸುವ ಔಷಧವಿಲ್ಲ. ಧೂಳನ್ನು ಮೊದಲೇ ತಡೆಯುವುದೊಂದೇ ದಾರಿ.

ತಡೆಯುವ ಸಾಧನವು ನೋಡಲು ಅತಿ ಸಾಧಾರಣವಾದುದು. ಫೌಂಡ್ರಿಯ ಗೋಡೆಯ ಹೊರಗೆ ಎತ್ತರವಾದ ಉಕ್ಕಿನ ಪೆಟ್ಟಿಗೆಯೊಂದು ನಿಂತಿರುತ್ತದೆ. ದಪ್ಪನೆಯ ಕೊಳವೆಯೊಂದು ಒಳಗಿನ ಧೂಳುಗಾಳಿಯನ್ನು ಅದಕ್ಕೆ ತಂದೊಪ್ಪಿಸುತ್ತದೆ. ಕೆಲವು ಕ್ಷಣಗಳಿಗೊಮ್ಮೆ ಪೆಟ್ಟಿಗೆಯಿಂದ 'ಫುಸ್' ಎಂಬ ಸದ್ದು ಕೇಳಿಬರುವುದು. ಒಳಗೆ ಸಾಲುಸಾಲಾಗಿ ಬಟ್ಟೆಯ ಉದ್ದನೆಯ ಚೀಲಗಳು ತಂತಿಯ ಪಂಜರಗಳ ಮೇಲೆ ತೂಗುತ್ತಿರುತ್ತವೆ. ಗಾಳಿಯು ಚೀಲದ ಹೊರಗಿನಿಂದ ಒಳಕ್ಕೆ ನುಗ್ಗುತ್ತದೆ, ಧೂಳು ಹೊರಮೈಯಲ್ಲಿ ನಿಲ್ಲುತ್ತದೆ. ಆಗಾಗ ಒಳಗಿನಿಂದ ಒತ್ತುಗಾಳಿಯ ಪೆಟ್ಟೊಂದನ್ನು ಕೊಟ್ಟು ಆ ಧೂಳನ್ನು ಕೊಡವಿ ಕೆಳಗೆ ಬೀಳಿಸುತ್ತಾರೆ. ನಮಗೆ ಕೇಳಿಸುವ ಸದ್ದು ಅದೇ.

ಈ ಚೀಲಗಳ ಬಟ್ಟೆಯನ್ನು ಯಾರೂ ನೂತುದಲ್ಲ, ಯಾರೂ ನೆಯ್ದುದಲ್ಲ. 'ನಾನ್‌ವೋವನ್' ಎಂದು ವ್ಯಾಪಾರಿಗಳು ಕರೆಯುವ ಈ ವಸ್ತುವಿಗೆ ಬೇಡಿಕೆಯು ವರ್ಷಕ್ಕೆ ಸೇಕಡಾ ಇಷ್ಟರಂತೆ ಬೆಳೆಯುವುದೆಂದು ವಾಣಿಜ್ಯ ಪತ್ರಿಕೆಗಳಲ್ಲಿ ಆಗಾಗ ಭವಿಷ್ಯ ಹೇಳುವುದುಂಟು. ಆ ಮಾತನ್ನು ನಂಬುವ ಮೊದಲು ಅಥವಾ ಅಲ್ಲಗಳೆಯುವ ಮೊದಲು, ಅದನ್ನು ನಾವೇ ಲೆಕ್ಕ ಹಾಕಿ ನೋಡಲು ಸಾಧ್ಯವೆ? ಸಾಧ್ಯವಿದೆ. ಆದರೆ ಬಟ್ಟೆಯು ಏನು, ಅದು ಹೇಗೆ ಸೋಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ನೂಲಿಲ್ಲ, ಮಗ್ಗವಿಲ್ಲ

ಹಾಸು ಹೊಕ್ಕುಗಳಿಲ್ಲದ ಬಟ್ಟೆಯೆಂದರೆ ವಿಚಿತ್ರವೆನಿಸಬಹುದು. ಆದರೆ ಇಂಥ ವಸ್ತುವೊಂದು ಈ ಕ್ಷಣ ನಿಮ್ಮ ಕೈಯಲ್ಲಿಯೇ ಇರಬಹುದು. ಕಾಗದವೆಂದರೆ ನೀರಿನಲ್ಲಿ ತೇಲಿಬಿಟ್ಟ ಸಸ್ಯದ ನಾರುಗಳನ್ನು ಜಾಲರಿಯ ಮೇಲೆ ಅಡ್ಡಾದಿಡ್ಡಿಯಾಗಿ ನೆಲೆಗೊಳಿಸಿ, ನೀರನ್ನು ಬಸಿದು, ಒತ್ತಿ ಒಣಗಿಸಿದ ಹಾಳೆ. ಕಾಗದವನ್ನು ಹರಿದು ಅದರ ಅಂಚನ್ನು ಬೆಳಕಿಗೆ ಹಿಡಿದರೆ ಈ ನಾರುಗಳು ಕಾಣುವುವು. ತೆಂಗಿನ ಗರಿಯ ಬುಡದಲ್ಲಿ ಕಾಂಡವನ್ನು ಸುತ್ತಿಕೊಂಡಿರುವ ಕಂದುಬಣ್ಣದ ನಾರಿನ ಜಾಲವನ್ನೂ ನೋಡಿರುವಿರಷ್ಟೆ. ಒಂದರ ಮೇಲೊಂದು ಓರೆಯಾಗಿ ಹಾಯ್ದ ಎಳೆಗಳ ಆ ಹಾಳೆಯಿಂದ ಕೆಲವೆಡೆ ಸೋಸುವುದೂ ಉಂಟು. ಉಣ್ಣೆಯನ್ನು ಬಿಸಿನೀರಿನಲ್ಲಿ ನೆನೆಸಿ ತುಳಿದು ಒತ್ತಿ ಮಾಡುವ ಫೆಲ್ಟ್ ಇದೇ ಜಾತಿಯದು.

ಫೌಂಡ್ರಿಯ ಚೀಲಕ್ಕೆ ಬೇಕಾಗುವುದು ಈ ಫೆಲ್ಟಿನ ಇಂದಿನ ರೂಪ. ಪಾಲಿಯೆಸ್ಟರಿನ ತುಂಡು ಎಳೆಗಳನ್ನು ಹತ್ತಿಯಂತೆ ಹಿಂಜಿ, ತೆಳುವಾದ ಪದರಗಳನ್ನು ಒಂದರ ಮೇಲೊಂದು ಹಾಸಿ, ಸಾವಿರಾರು ಸೂಜಿಗಳಿರುವ ಹಲಗೆಯಿಂದ ಕುಟ್ಟುತ್ತಾರೆ. ಸೂಜಿಯ ಮೈಯಲ್ಲಿ ಕಚ್ಚುಗಳಿರುತ್ತವೆ. ಅವು ಮೇಲಿನ ಎಳೆಗಳನ್ನು ಕೆಳಕ್ಕೆ ಎಳೆದು ಒಂದಕ್ಕೊಂದು ಹೆಣೆಯುತ್ತವೆ. ಮೆತ್ತನೆಯ ಹಿಂಜಿದ ರಾಶಿಯು ಹೀಗೆ ದಪ್ಪನೆಯ, ಗಟ್ಟಿಯಾದ ಬಟ್ಟೆಯಾಗುವುದು. ಚದರ ಮೀಟರಿಗೆ ಸುಮಾರು ೫೦೦ ಗ್ರಾಂ ತೂಗುವುದು ವಾಡಿಕೆ. ಪಾಲಿಯೆಸ್ಟರು ಸುಮಾರು ೧೩೦ ಡಿಗ್ರಿ ಸೆಂಟಿಗ್ರೇಡಿನವರೆಗಿನ ಬಿಸಿಯನ್ನು ತಾಳಿಕೊಳ್ಳುವುದು; ಅದಕ್ಕೂ ಮೇಲಾದರೆ ಅರಮಿಡ್, ಗಾಜಿನ ಎಳೆ ಮುಂತಾದ ಹೆಚ್ಚು ಬೆಲೆಯ ಎಳೆಗಳು ಬೇಕು.

ಇನ್ನೊಂದು ವಿಧಾನದಲ್ಲಿ ಎಳೆಯನ್ನು ಹಿಂಜುವ ಕೆಲಸವೇ ಇಲ್ಲ. ಕರಗಿಸಿದ ಪಾಲಿಪ್ರೊಪಿಲೀನನ್ನು ಸೂಕ್ಷ್ಮ ರಂಧ್ರಗಳಿಂದ ಹೊರಡಿಸಿ, ಅದರ ಮೇಲೆ ಬಿಸಿಗಾಳಿಯನ್ನು ಬಹು ವೇಗವಾಗಿ ಊದಿದರೆ, ಒಂದೆರಡು ಮೈಕ್ರಾನು ದಪ್ಪದ ಎಳೆಗಳು ಜೇಡರಬಲೆಯಂತೆ ಬಂದು ಹಾಳೆಯಾಗಿ ಕೂಡುತ್ತವೆ. ಅಮೆರಿಕದ ನೌಕಾದಳದ ಪ್ರಯೋಗಾಲಯವೊಂದರಲ್ಲಿ ೧೯೫೦ರ ದಶಕದಲ್ಲಿ ವೆಂಟೆ ಎಂಬ ವಿಜ್ಞಾನಿಯು ಈ ದಾರಿಯನ್ನು ತೋರಿಸಿದನು. ಅಣುಬಾಂಬುಗಳ ಪರೀಕ್ಷೆಯಿಂದ ವಾಯುಮಂಡಲದಲ್ಲಿ ಹರಡುವ ವಿಕಿರಣಶೀಲ ಕಣಗಳನ್ನು ಹಿಡಿಯಲು ಅತಿ ಸಣ್ಣ ಎಳೆಗಳ ಶೋಧಕ ಬೇಕಾಗಿದ್ದುದೇ ಅದಕ್ಕೆ ಕಾರಣ. ಇಂದು ನಾವು ಮುಖಕ್ಕೆ ಕಟ್ಟಿಕೊಳ್ಳುವ ಮುಖವಾಡದ ನಡುಪದರವು ಈ ಬಟ್ಟೆಯೇ.

ಜರಡಿಯಲ್ಲ

ಶೋಧಕವೆಂದರೆ ಜರಡಿ, ತೂತಿಗಿಂತ ದೊಡ್ಡದು ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಹೋಗುತ್ತದೆ ಎಂದು ನಾವೆಲ್ಲ ಎಣಿಸಿರುತ್ತೇವೆ. ನೆಯ್ದ ಬಟ್ಟೆಯ ಮಟ್ಟಿಗೆ ಇದು ಬಹುಪಾಲು ನಿಜ. ನೇಯದ ಬಟ್ಟೆಯ ಮಟ್ಟಿಗೆ ಹೀಗಲ್ಲ. ಅದರ ತೆರವುಗಳಿಗಿಂತ ಹತ್ತಾರು ಪಾಲು ಸಣ್ಣದಾದ ಕಣಗಳೂ ಅದರಲ್ಲಿ ಸಿಕ್ಕಿಬೀಳುತ್ತವೆ.

ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಪ್ರಯಾಣಿಕರ ಪಾಡನ್ನು ನೆನೆಯಿರಿ. ಬಸ್ಸು ತಿರುಗುತ್ತದೆ, ಮೈ ಮಾತ್ರ ನೇರವಾಗಿ ಹೋಗಬಯಸುತ್ತದೆ. ಶೋಧಕದೊಳಗೆ ಗಾಳಿಯು ಪ್ರತಿಯೊಂದು ಎಳೆಯನ್ನೂ ಬಳಸಿ ತಿರುಗುತ್ತ ಸಾಗುವಾಗ, ಒಂದು ಮೈಕ್ರಾನಿಗಿಂತ ದೊಡ್ಡದಾದ ಭಾರದ ಕಣಗಳು ಹಾಗೆ ತಿರುಗಲಾರದೆ ನೇರವಾಗಿ ಹೋಗಿ ಎಳೆಗೆ ಬಡಿದು ಅಂಟಿಕೊಳ್ಳುತ್ತವೆ. ಸ್ವಲ್ಪ ಸಣ್ಣ ಕಣಗಳು ಗಾಳಿಯೊಡನೆ ತಿರುಗಿದರೂ ಎಳೆಯ ತೀರ ಸಮೀಪದಲ್ಲಿ ಹಾಯುವಾಗ ಅದರ ಮೈಗೆ ತಾಕುತ್ತವೆ. ಇನ್ನು ಅತಿ ಸೂಕ್ಷ್ಮ ಕಣಗಳ ಕಥೆ ಬೇರೆ. ೧೮೨೭ರಲ್ಲಿ ರಾಬರ್ಟ್ ಬ್ರೌನನು ನೀರಿನಲ್ಲಿದ್ದ ಪರಾಗದ ಕಣಗಳಲ್ಲಿ ಕಂಡ ತಡವರಿಕೆಯ ಓಡಾಟವನ್ನು ನೀವು ಪಾಠದಲ್ಲಿ ಓದಿರಬೇಕು. ಗಾಳಿಯ ಅಣುಗಳ ಬಡಿತದಿಂದ ಈ ಕಣಗಳು ಅತ್ತಿತ್ತ ಅಲೆಯುತ್ತ, ಯಾವುದೋ ಒಂದು ಎಳೆಗೆ ಹೋಗಿ ಮುಟ್ಟುತ್ತವೆ. ಒಮ್ಮೆ ಮುಟ್ಟಿದ ಕಣವು ಬಿಡಿಸಿಕೊಂಡು ಹೋಗುವುದು ಅಪರೂಪ.

ಇದರಿಂದ ಬರುವ ಫಲಿತಾಂಶವು ಕುತೂಹಲಕರವಾದುದು. ದೊಡ್ಡ ಕಣವೂ ಸಿಕ್ಕುತ್ತದೆ, ಅತಿ ಸಣ್ಣ ಕಣವೂ ಸಿಕ್ಕುತ್ತದೆ. ನಡುವಣ ಗಾತ್ರದ್ದು, ಅಂದರೆ ಸುಮಾರು ೦.೩ ಮೈಕ್ರಾನಿನದು, ಎಲ್ಲಕ್ಕಿಂತ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಆದುದರಿಂದಲೇ ಉತ್ತಮ ಶೋಧಕಗಳನ್ನು ಈ ಗಾತ್ರದ ಕಣಗಳಿಂದ ಪರೀಕ್ಷಿಸುವುದು. ಹೆಪಾ ಎಂಬ ವರ್ಗದ ಶೋಧಕವು ೦.೩ ಮೈಕ್ರಾನಿನ ಕಣಗಳಲ್ಲಿ ಸೇಕಡಾ ೯೯.೯೭ನ್ನು ಹಿಡಿಯಬೇಕು. ಎನ್-೯೫ ಮುಖವಾಡವು ಇದೇ ಮಟ್ಟದ ಸೂಕ್ಷ್ಮ ಕಣಗಳಲ್ಲಿ ಸೇಕಡಾ ೯೫ನ್ನು ಹಿಡಿಯಬೇಕು.

ಎಳೆಗಳ ಒಂದೊಂದು ಪದರವೂ ತನಗೆ ಬಂದ ಕಣಗಳಲ್ಲಿ ಅರ್ಧವನ್ನು ಮಾತ್ರ ಹಿಡಿಯುವುದೆಂದು ಭಾವಿಸಿ. ಎರಡು ಪದರ ದಾಟಿದ ಮೇಲೆ ಕಾಲುಭಾಗ ಉಳಿಯಿತು. ಹತ್ತು ಪದರ ದಾಟಿದ ಮೇಲೆ ೧೦೨೪ರಲ್ಲಿ ಒಂದು ಪಾಲು. ಯಾವ ಎಳೆಯೂ ಸ್ವತಃ ಸಮರ್ಥವಲ್ಲ. ಅವು ಬಹಳವಾಗಿರುವುದರಿಂದ ಮತ್ತು ಅಡ್ಡಾದಿಡ್ಡಿಯಾಗಿರುವುದರಿಂದ ಇಡೀ ಬಟ್ಟೆಯು ಸಮರ್ಥವಾಗಿದೆ. ಮಗ್ಗದ ಬಟ್ಟೆಯಲ್ಲಿ ಎಳೆಗಳನ್ನು ಹುರಿಮಾಡಿ ನೂಲಾಗಿಸಿ ಕ್ರಮವಾಗಿ ಇಟ್ಟಿರುವುದರಿಂದ, ಗಾಳಿಯು ನೂಲುಗಳ ನಡುವಣ ಕಿಂಡಿಗಳಲ್ಲಿ ಓಡಿಹೋಗುತ್ತದೆ. ಅಂದವಾಗಿ ಜೋಡಿಸಿದ್ದೇ ಇಲ್ಲಿ ದೋಷವಾಯಿತು!

ಇದಕ್ಕೆ ಒಂದು ಒಳ್ಳೆಯ ನಿದರ್ಶನ ಬಾಂಗ್ಲಾದೇಶದಿಂದ ಬಂದಿದೆ. ಅಲ್ಲಿನ ೬೫ ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು ೨೦೦೩ರಲ್ಲಿ ಪ್ರಕಟವಾಯಿತು. ಕೆರೆಯ ನೀರನ್ನು ಹಳೆಯ ಸೀರೆಯ ನಾಲ್ಕು ಮಡಿಕೆಗಳಲ್ಲಿ ಸೋಸಿ ಕುಡಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಸೇಕಡಾ ೪೮ರಷ್ಟು ಕಡಿಮೆಯಾಯಿತು. ಕಾಲರಾ ಕ್ರಿಮಿಯು ಸೀರೆಯ ಕಿಂಡಿಗಿಂತ ಬಹಳ ಸಣ್ಣದು. ಆದರೆ ಅದು ನೀರಿನ ಸೂಕ್ಷ್ಮಜೀವಿಗಳ ಮೈಗೆ ಅಂಟಿಕೊಂಡಿರುವುದರಿಂದ ಅವುಗಳೊಡನೆ ತಡೆಯಲ್ಪಟ್ಟಿತು. ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲಾಯಿತೆಂಬುದು ಗಮನಾರ್ಹ. ಒಗೆದೊಗೆದು ನೂಲು ಬಿಚ್ಚಿ, ಸಣ್ಣ ಎಳೆಗಳು ಕಿಂಡಿಗಳಿಗೆ ಅಡ್ಡವಾಗಿ ಚಾಚಿಕೊಂಡಿರುತ್ತವೆ. ನೆಯ್ದ ಬಟ್ಟೆಯು ಹಳೆಯದಾಗುತ್ತ ತಾನಾಗಿಯೇ ನೇಯದ ಬಟ್ಟೆಯ ಗುಣವನ್ನು ಪಡೆಯುತ್ತದೆ ಎನ್ನಬಹುದು.

ಪದರಗಳು ಹೆಚ್ಚಿದಷ್ಟೂ ಗಾಳಿಯನ್ನು ಎಳೆಯುವ ಕಷ್ಟವೂ ಹೆಚ್ಚುತ್ತದೆ. ಈ ಕಷ್ಟವನ್ನು ಒತ್ತಡದ ಇಳಿತವೆಂದು ಅಳೆಯುತ್ತಾರೆ. ಗಂಟೆಗೆ ೨೦,೦೦೦ ಘನಮೀಟರು ಗಾಳಿಯನ್ನು ೧೫೦ ಮಿಲಿಮೀಟರು ನೀರಿನ ಎತ್ತರಕ್ಕೆ ಸಮನಾದ ಒತ್ತಡದ ಎದುರಿಗೆ ಎಳೆಯಲು, ಬೀಸಣಿಗೆಯ ಸಾಮರ್ಥ್ಯ ಸೇಕಡಾ ೬೫ ಇದ್ದರೆ, ಸುಮಾರು ೧೩ ಕಿಲೋವಾಟು ವಿದ್ಯುತ್ತು ಬೇಕು; ಒತ್ತಡವು ೨೦೦ ಮಿಲಿಮೀಟರಿಗೆ ಏರಿದರೆ ಸುಮಾರು ೧೭ ಕಿಲೋವಾಟು. ಕಾರ್ಖಾನೆಯ ಯಜಮಾನನು ವಿದ್ಯುತ್ತಿನ ಬಿಲ್ಲಿನ ಕಡೆಯಿಂದ ಶೋಧಕವನ್ನು ನೋಡುವುದು ಇದೇ ಕಾರಣದಿಂದ. ಪೆಟ್ಟಿಗೆಯ ಪಕ್ಕದಲ್ಲಿರುವ ಒತ್ತಡಮಾಪಕದ ಮುಳ್ಳು ತೀರ ಕೆಳಗಿಳಿದಿರುವುದನ್ನು ಕಂಡು ಸಂತೋಷಪಡುವವರನ್ನೂ ನಾನು ನೋಡಿದ್ದೇನೆ. ಚೀಲ ಹರಿದಿದೆಯೆಂಬುದೇ ಅದರ ಅರ್ಥವಾಗಿರಬಹುದು.

ಒಂದು ಫೌಂಡ್ರಿಯ ಲೆಕ್ಕ

ಈಗ ಬೇಡಿಕೆಯ ಮಾತಿಗೆ ಬರೋಣ. ಇದೇ ೨೦,೦೦೦ ಘನಮೀಟರು ಗಾಳಿಯನ್ನು ಎಳೆಯುವ ಒಂದು ಮಧ್ಯಮ ತರಗತಿಯ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದು ನಿಮಿಷಕ್ಕೆ ೩೩೩ ಘನಮೀಟರು ಆಯಿತು. ಒಂದು ಚದರ ಮೀಟರು ಬಟ್ಟೆಯ ಮೂಲಕ ನಿಮಿಷಕ್ಕೆ ಸುಮಾರು ೧.೨ ಘನಮೀಟರು ಗಾಳಿಯನ್ನು ಹಾಯಿಸುವುದು ಯೋಗ್ಯ. ಭಾಗಿಸಿದರೆ ೨೭೮ ಚದರ ಮೀಟರು ಬಟ್ಟೆ ಬೇಕೆಂದಾಗುವುದು. ೧೫ ಸೆಂಟಿಮೀಟರು ಅಡ್ಡಳತೆ, ೩ ಮೀಟರು ಉದ್ದದ ಚೀಲದ ಹೊರಮೈಯನ್ನು ನೀವೇ ಲೆಕ್ಕ ಹಾಕಿರಿ, ೧.೪೧ ಚದರ ಮೀಟರು ಬರುತ್ತದೆ. ಅಂದರೆ ಹತ್ತಿರ ಹತ್ತಿರ ೨೦೦ ಚೀಲಗಳು. ಚದರ ಮೀಟರಿಗೆ ಅರ್ಧ ಕಿಲೋದಂತೆ ಒಟ್ಟು ಬಟ್ಟೆಯ ತೂಕ ೧೩೯ ಕಿಲೋಗ್ರಾಂ.

ಚೀಲಗಳು ಸವೆಯುತ್ತವೆ. ಕೊಡವುವ ಪೆಟ್ಟಿನಿಂದ ತಂತಿಯ ಪಂಜರಕ್ಕೆ ಉಜ್ಜಿ ಹರಿಯುತ್ತವೆ. ಕಿಡಿ ತಾಗಿದರೆ ತೂತು ಬೀಳುತ್ತವೆ. ಸೂಕ್ಷ್ಮ ಧೂಳು ಒಳಹೊಕ್ಕು ಕುರುಡಾಗುತ್ತವೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ಹಿಡಿದರೆ ವರ್ಷಕ್ಕೆ ೭೦ ಕಿಲೋ ಬಟ್ಟೆ ಖರ್ಚು. ಶೋಧಕದ ವ್ಯಾಪಾರದ ಮರ್ಮವು ಇಲ್ಲಿದೆ. ಪೆಟ್ಟಿಗೆಯನ್ನು ಒಮ್ಮೆ ಕೊಂಡರೆ ಇಪ್ಪತ್ತು ವರ್ಷ ಬಂತು. ಚೀಲವನ್ನು ಮಾತ್ರ ಮತ್ತೆ ಮತ್ತೆ ಕೊಳ್ಳಬೇಕು. ದೀಪಕ್ಕಿಂತ ಎಣ್ಣೆಯ ವ್ಯಾಪಾರವು ಸ್ಥಿರವಾದುದು.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಲೆಕ್ಕಕ್ಕಾಗಿ ಇಂಥ ಐವತ್ತು ಫೌಂಡ್ರಿಗಳಿವೆಯೆಂದು ಇಟ್ಟುಕೊಳ್ಳಿ. ಎಲ್ಲವೂ ಸೇರಿ ವರ್ಷಕ್ಕೆ ಮೂರೂವರೆ ಟನ್ನು ಬಟ್ಟೆ. ಗಂಟೆಗೆ ೨೦೦ ಕಿಲೋ ಬಟ್ಟೆಯನ್ನು ಕುಟ್ಟಿ ಕೊಡುವ ಯಂತ್ರವೇನೂ ದೊಡ್ಡದಲ್ಲ. ಅದು ಐವತ್ತು ಫೌಂಡ್ರಿಗಳ ಒಂದು ವರ್ಷದ ಬೇಡಿಕೆಯನ್ನು ಹದಿನೇಳೆಂಟು ಗಂಟೆಗಳಲ್ಲಿ ಮುಗಿಸಿ ಸುಮ್ಮನೆ ನಿಲ್ಲುತ್ತದೆ. ಬೇಡಿಕೆ ಬೆಳೆಯುತ್ತಿದೆ ಎಂಬ ಮಾತು ನಿಜವಾಗಿರಬಹುದು. ಅದರಿಂದ ಪ್ರತಿಯೊಂದು ಊರಿನಲ್ಲಿಯೂ ಬಟ್ಟೆ ಮಾಡುವ ಕಾರ್ಖಾನೆಗೆ ಸ್ಥಳವಿದೆಯೆಂದು ಆಗುವುದಿಲ್ಲ.

ಸೇಕಡಾ ಏಳು ಎಂದರೇನು?

ವರ್ಷಕ್ಕೆ ಸೇಕಡಾ ೭ರಂತೆ ಬೆಳೆಯುವ ವ್ಯಾಪಾರವು ಚಕ್ರಬಡ್ಡಿಯ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಸುಮಾರು ಎರಡರಷ್ಟಾಗುವುದು, ಇಪ್ಪತ್ತು ವರ್ಷಕ್ಕೆ ಸುಮಾರು ನಾಲ್ಕರಷ್ಟು. ಎಪ್ಪತ್ತನ್ನು ದರದಿಂದ ಭಾಗಿಸಿದರೆ ಇಮ್ಮಡಿಯಾಗುವ ವರ್ಷಗಳು ದೊರೆಯುತ್ತವೆಂಬ ಸುಲಭ ಸೂತ್ರವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆದರೆ ಏನು ಬೆಳೆಯಿತು ಎಂದು ಕೇಳಬೇಕು. ರೂಪಾಯಿಯೆ? ಕಿಲೋಗ್ರಾಮೆ? ಬೆಲೆಗಳು ಸೇಕಡಾ ೫ರಂತೆ ಏರುತ್ತಿದ್ದರೆ, ರೂಪಾಯಿಯಲ್ಲಿ ಸೇಕಡಾ ೭ ಎಂಬುದು ಸರಕಿನಲ್ಲಿ ಸೇಕಡಾ ಎರಡಕ್ಕೂ ಕಡಿಮೆ. ಅಲ್ಲದೆ ಎಳೆಗಳು ಸಣ್ಣದಾದಂತೆ ಅದೇ ಕೆಲಸಕ್ಕೆ ಬೇಕಾಗುವ ತೂಕವು ಇಳಿಯುತ್ತದೆ. ಮೂರು ಪದರದ ಸಾಮಾನ್ಯ ಮುಖವಾಡದ ನಡುಪದರವು ಚದರ ಮೀಟರಿಗೆ ೨೫ ಗ್ರಾಮಿನದೆಂದು ಹಿಡಿದರೆ, ಒಂದು ಮುಖವಾಡಕ್ಕೆ ಒಂದು ಗ್ರಾಮೂ ಬೇಡ, ೦.೮ ಗ್ರಾಂ ಸಾಕು. ಒಂದು ಟನ್ನಿನಿಂದ ಹನ್ನೆರಡೂವರೆ ಲಕ್ಷ ಮುಖವಾಡಗಳಾಗುತ್ತವೆ. ಇಂಥ ಸರಕಿನಲ್ಲಿ ಬೆಲೆಯೇರುತ್ತ ತೂಕವಿಳಿಯುವುದು ಅಸಂಭವವೇನಲ್ಲ.

ಕಾನೂನಿನಲ್ಲಿ ಬರೆದ ಅಂಕಿ

ಅನ್ನಕ್ಕೆ ಹಸಿವೆಯೇ ಬೇಡಿಕೆ. ಶೋಧಕಕ್ಕೆ ಹಾಗೆ ತಾನಾಗಿ ಹುಟ್ಟುವ ಬೇಡಿಕೆ ಬಹಳ ಕಡಿಮೆ. ಧೂಳನ್ನು ಹೊರಗೆ ಬಿಟ್ಟ ಕಾರ್ಖಾನೆಗೆ ಅದರಿಂದ ನಷ್ಟವಿಲ್ಲ, ನಷ್ಟವು ಉಸಿರಾಡುವವರದು. ಆದುದರಿಂದ ಚೀಲದ ಬಟ್ಟೆಯ ಮಾರುಕಟ್ಟೆಯನ್ನು ನಿರ್ಣಯಿಸುವುದು ಬಹುಮಟ್ಟಿಗೆ ಕಾನೂನಿನಲ್ಲಿ ಬರೆದಿರುವ ಒಂದು ಅಂಕಿ.

ನಮ್ಮ ದೇಶದ ನಿಯಮದಂತೆ, ಗಂಟೆಗೆ ೩ ಟನ್ನಿಗಿಂತ ಕಡಿಮೆ ಕರಗಿಸುವ ಕುಪೋಲಾ ಕುಲುಮೆಯ ಹೊಗೆಯಲ್ಲಿ ಘನಮೀಟರಿಗೆ ೪೫೦ ಮಿಲಿಗ್ರಾಮಿನವರೆಗೆ ಧೂಳಿರಬಹುದು. ಅದಕ್ಕಿಂತ ದೊಡ್ಡ ಕುಪೋಲಾಗಳಿಗೂ ವಿದ್ಯುತ್ ಕುಲುಮೆಗಳಿಗೂ ೧೫೦ ಮಿಲಿಗ್ರಾಂ. ಗಂಟೆಗೆ ೨೦,೦೦೦ ಘನಮೀಟರಿನ ನಮ್ಮ ಉದಾಹರಣೆಗೆ ಈ ಅಂಕಿಗಳನ್ನು ಹಚ್ಚಿ ನೋಡಿ. ೪೫೦ ಎಂದರೆ ಗಂಟೆಗೆ ೯ ಕಿಲೋ ಧೂಳು. ೧೫೦ ಎಂದರೆ ೩ ಕಿಲೋ. ಸುಸ್ಥಿತಿಯಲ್ಲಿರುವ ಚೀಲದ ಶೋಧಕವು ೨೦ ಮಿಲಿಗ್ರಾಮಿಗೂ ಕೆಳಗೆ ತರಬಲ್ಲುದು. ಅದು ಗಂಟೆಗೆ ೪೦೦ ಗ್ರಾಂ. ಆದರೆ ೪೫೦ರ ಮಿತಿಯನ್ನು ಮುಟ್ಟಲು ಬಟ್ಟೆಯೇ ಬೇಕೆಂದಿಲ್ಲ. ಗಾಳಿಯನ್ನು ಸುಳಿಯಂತೆ ತಿರುಗಿಸಿ ಧೂಳನ್ನು ಬೀಳಿಸುವ ಸೈಕ್ಲೋನೋ, ನೀರು ಚಿಮುಕಿಸುವ ಗೋಪುರವೋ ಸಾಕಾಗಬಹುದು. ಅವು ದಪ್ಪ ಧೂಳನ್ನು ಚೆನ್ನಾಗಿ ಹಿಡಿಯುತ್ತವೆ, ಸೂಕ್ಷ್ಮವಾದುದನ್ನು ಬಿಟ್ಟುಬಿಡುತ್ತವೆ. ತೂಕದ ಲೆಕ್ಕದಲ್ಲಿ ನಿಯಮವು ಪಾಲಿತವಾಯಿತು. ಶ್ವಾಸಕೋಶದ ಲೆಕ್ಕ ಬೇರೆ. ನಿಯಮದ ಅಂಕಿಯು ೩೦ಕ್ಕೋ ೫೦ಕ್ಕೋ ಇಳಿದ ದಿನ ಬಟ್ಟೆಯಾಗಲಿ, ವಿದ್ಯುತ್ ಆಕರ್ಷಣೆಯಿಂದ ಧೂಳು ಹಿಡಿಯುವ ದೊಡ್ಡ ಯಂತ್ರವಾಗಲಿ ಇಲ್ಲದೆ ಗತ್ಯಂತರವಿಲ್ಲ.

ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ವಿಷಯದಲ್ಲಿ ಹೀಗೆಯೇ ಆಯಿತು. ೨೦೧೫ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಅವುಗಳ ಧೂಳಿನ ಮಿತಿಯನ್ನು, ಸ್ಥಾವರದ ವಯಸ್ಸಿಗನುಸಾರವಾಗಿ, ೧೦೦, ೫೦ ಮತ್ತು ೩೦ ಮಿಲಿಗ್ರಾಮಿಗೆ ಇಳಿಸಿತು. ಪ್ರಕಟಣೆಯನ್ನು ನಂಬಿ ಬೇಡಿಕೆಯನ್ನು ಎಣಿಸಿದವರು ಆಮೇಲೆ ಗಡುವುಗಳು ಹಲವು ಬಾರಿ ಮುಂದಕ್ಕೆ ಹೋದುದನ್ನು ಕಂಡರು. ಅಂಕಿಯೂ ಬೇಕು, ಅದನ್ನು ಅಳೆದು ನೋಡುವವರೂ ಬೇಕು.

೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಗಳು ಸೇರಿದವು. ನೆರೆಯ ದಾವಣಗೆರೆಯು ಪಟ್ಟಿಯಲ್ಲಿದೆ, ಶಿವಮೊಗ್ಗವಿಲ್ಲ. ಮಲೆನಾಡಿನ ಹೆಬ್ಬಾಗಿಲಿನ ಗಾಳಿಯು ಒಟ್ಟಿನಲ್ಲಿ ಮೇಲೆಂಬುದು ಸಂತೋಷದ ವಿಷಯವೇ. ಆದರೆ ಊರಿನ ಸರಾಸರಿ ಗಾಳಿಯು ಅಚ್ಚು ಒಡೆಯುವ ಜಾಗದಲ್ಲಿ ನಿಂತಿರುವವನ ಉಸಿರಿನ ಅಳತೆಯಾಗುವುದಿಲ್ಲ.

ಮುಖವಾಡದ ಅಲೆ

ಬೇಡಿಕೆಯು ನಿಯಮದಿಂದಲ್ಲದೆ ಭಯದಿಂದ ಹುಟ್ಟಿದರೆ ಏನಾಗುವುದೆಂಬುದನ್ನು ೨೦೨೦ರಲ್ಲಿ ಕಂಡೆವು. ಕೋವಿಡ್ ಹರಡಲಾರಂಭಿಸಿದಾಗ, ಜನವರಿ ೩೧ರಂದು ಭಾರತ ಸರ್ಕಾರವು ಮುಖವಾಡಗಳೂ ಸೇರಿದಂತೆ ರಕ್ಷಣೆಯ ಉಡುಪುಗಳ ರಫ್ತನ್ನು ನಿಷೇಧಿಸಿತು. ಹೊಲಿಗೆಯಂತ್ರಗಳು ಎಲ್ಲೆಲ್ಲಿಯೂ ಇದ್ದುವು. ಊದಿ ಮಾಡುವ ನಡುಪದರದ ಬಟ್ಟೆ ಮಾತ್ರ ಇರಲಿಲ್ಲ. ಆ ಬಟ್ಟೆಯ ಬೆಲೆ ಹಲವು ಮಡಿ ಏರಿತು. ಹೊಸ ಯಂತ್ರಗಳು ಬಂದುವು. ಅದೇ ವರ್ಷದ ಅಕ್ಟೋಬರಿನಲ್ಲಿ ಎನ್-೯೫ ಮುಖವಾಡಗಳ ರಫ್ತಿನ ನಿರ್ಬಂಧವನ್ನು ತೆಗೆದುಹಾಕುವಷ್ಟು ತಯಾರಿಕೆ ಬೆಳೆದಿತ್ತು. ಬಳಿಕ ರೋಗವು ಇಳಿಯಿತು, ಮುಖವಾಡಗಳು ಕಿಸೆಯಿಂದಲೂ ಮರೆಯಾದುವು. ಆ ಎರಡು ವರ್ಷಗಳ ಅಂಕಿಗಳನ್ನು ಸಾಲಾಗಿ ಇಟ್ಟು ಗೆರೆಯನ್ನು ಮುಂದಕ್ಕೆ ಎಳೆದವರ ಲೆಕ್ಕಗಳು ಎಲ್ಲಿಗೆ ಹೋಗಿ ಮುಟ್ಟಿದುವೆಂದು ಹೇಳಬೇಕಾಗಿಲ್ಲ.

ಪೇಪರ್ ಟೌನಿನ ಪಾಠ

ಗೆರೆಯನ್ನು ಮುಂದಕ್ಕೆ ಎಳೆಯುವುದರ ಅಪಾಯವನ್ನು ಭದ್ರಾವತಿಯಷ್ಟು ಬಲ್ಲ ಊರು ಕಡಿಮೆ. ಅಲ್ಲಿನ ಮೈಸೂರು ಕಾಗದ ಕಾರ್ಖಾನೆಯು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೬ರಲ್ಲಿ ಸ್ಥಾಪಿತವಾಯಿತು. ೧೯೭೭ರಲ್ಲಿ ಸರ್ಕಾರದ ಕಂಪನಿಯಾಯಿತು. ೧೯೮೦ರ ದಶಕದಲ್ಲಿ ವೃತ್ತಪತ್ರಿಕೆಯ ಕಾಗದವನ್ನು ಮಾಡಲಾರಂಭಿಸಿತು; ವರ್ಷಕ್ಕೆ ೭೫,೦೦೦ ಟನ್ನು ಅದರ ಸಾಮರ್ಥ್ಯ. ಅಕ್ಷರ ಬಲ್ಲವರು ಹೆಚ್ಚುತ್ತಿದ್ದರು, ಪತ್ರಿಕೆಗಳು ಹೆಚ್ಚುತ್ತಿದ್ದುವು, ಹೊರದೇಶದ ಕಾಗದಕ್ಕೆ ನಿರ್ಬಂಧವಿತ್ತು. ಬೇಡಿಕೆಯು ಏರುತ್ತಲೇ ಹೋಗುವುದೆಂದು ನಂಬಲು ಎಲ್ಲ ಕಾರಣಗಳೂ ಇದ್ದುವು. ೧೯೯೦ರ ದಶಕದಲ್ಲಿ ಆಮದಿನ ನಿರ್ಬಂಧಗಳು ಸಡಿಲವಾದುವು; ಆಮೇಲೆ ಓದುವುದೇ ಪರದೆಯ ಮೇಲಾಯಿತು. ೨೦೧೫ರ ಸುಮಾರಿಗೆ ಯಂತ್ರಗಳು ನಿಂತುವು. ಭದ್ರಾ ನದಿಯ ದಡದ ಆ ಬಡಾವಣೆಗೆ ಪೇಪರ್ ಟೌನ್ ಎಂಬ ಹೆಸರು ಇನ್ನೂ ಉಳಿದಿದೆ. ಜನರು ಓದುವುದನ್ನು ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಬೇಡಿಕೆಯು ಇಳಿದುದು ಓದಿಗಲ್ಲ, ಕಾಗದಕ್ಕೆ. ಹಾಗೆಯೇ ಶುದ್ಧ ಗಾಳಿಯ ಬೇಡಿಕೆಯು ಏರಿದರೂ ಇಂದಿನ ಚೀಲದ ಬಟ್ಟೆಗೇ ಅದು ಸಲ್ಲುವುದೆಂದು ಹೇಳಲಾಗದು. ಧೂಳೇ ಏಳದಂಥ ಅಚ್ಚಿನ ವಿಧಾನವೊಂದು ಬಂದರೆ ಚೀಲಗಳು ಕಡಿಮೆಯಾದಾವು.

ಕಾಗದವೂ ನೇಯದ ಬಟ್ಟೆಯೂ ಒಂದೇ ಜಾತಿಯವು ಎಂದ ಮೇಲೆ, ನಿಂತಿರುವ ಯಂತ್ರಗಳಲ್ಲಿ ಶೋಧಕದ ಕಾಗದವನ್ನು ಮಾಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಷಾನಿಲದ ಮುಖವಾಡಗಳಿಗಾಗಿ ಮಾಡಿದ ಶೋಧಕಗಳು, ಹೆಪಾ ಶೋಧಕದ ಪೂರ್ವಿಕಗಳು, ಕಾಗದದ ಯಂತ್ರದಲ್ಲಿ ಮಾಡಿದ ಕಾಗದಗಳೇ ಆಗಿದ್ದುವು. ಸಸ್ಯದ ನಾರಿಗೆ ಕಲ್ನಾರನ್ನು ಬೆರೆಸಿದ್ದರು. ಕಲ್ನಾರು ಸ್ವತಃ ಶ್ವಾಸಕೋಶದ ಶತ್ರುವೆಂದು ತಿಳಿದ ಮೇಲೆ ಅದನ್ನು ಕೈಬಿಟ್ಟು ಗಾಜಿನ ಎಳೆಯನ್ನು ತಂದರು. ಆದರೂ ಉತ್ತರವು ನಿರಾಶಾದಾಯಕ. ಪತ್ರಿಕೆಯ ಕಾಗದಕ್ಕೆ ಗಿಡ್ಡ ನಾರು, ನುಣ್ಣನೆಯ ತುಣುಕುಗಳು, ಮುಚ್ಚಿದ ಮೈ ಮತ್ತು ಯಂತ್ರದ ಮಹಾವೇಗ ಬೇಕು. ಶೋಧಕದ ಕಾಗದಕ್ಕೆ ಉದ್ದನೆಯ ನಾರು, ತೆರೆದ ಮೈ, ಬಹಳ ನೀರಿನಲ್ಲಿ ನಿಧಾನವಾಗಿ ನೆಲೆಗೊಳ್ಳುವ ಹಾಳೆ ಬೇಕು. ಅದೂ ಸಾವಿರಾರು ಟನ್ನಲ್ಲ, ಹತ್ತಾರು ಬಗೆಗಳಲ್ಲಿ ಸ್ವಲ್ಪ ಸ್ವಲ್ಪ. ರೈಲುಗಾಡಿಯ ಇಂಜಿನಿನಿಂದ ಬಂಡಿಯ ಕೆಲಸವನ್ನು ಮಾಡಿಸಲು ಹೋದಂತೆ.

ಊರಿನಲ್ಲಿ ಉಳಿಯಬಲ್ಲುದು

೨೦೨೦ರಲ್ಲಿ ಕೇಂದ್ರ ಸರ್ಕಾರವು ೧,೪೮೦ ಕೋಟಿ ರೂಪಾಯಿಗಳ ರಾಷ್ಟ್ರೀಯ ತಾಂತ್ರಿಕ ಜವಳಿ ಕಾರ್ಯಕ್ರಮವನ್ನು ಒಪ್ಪಿತು. ಶೋಧಕದ ಬಟ್ಟೆಗಳೂ ಆ ವರ್ಗದಲ್ಲಿ ಸೇರುತ್ತವೆ. ಅದರ ದೊಡ್ಡ ಯಂತ್ರಗಳು ಎಲ್ಲಿಯೇ ಬರಲಿ, ಶಿವಮೊಗ್ಗ-ಭದ್ರಾವತಿಗಳಿಗೆ ಹತ್ತಿರವಾದ ಕೆ‌ಲಸವು ಬೇರೆಯದು ಎಂಬುದು ನನ್ನ ಅಭಿಪ್ರಾಯ. ಬಟ್ಟೆಯ ಸುರುಳಿಯು ಲಾರಿಯಲ್ಲಿ ಎಲ್ಲಿಂದಲಾದರೂ ಬಂದೀತು. ಚೀಲವನ್ನು ಪೆಟ್ಟಿಗೆಯ ಅಳತೆಗೆ ಕತ್ತರಿಸಿ ಹೊಲಿಯುವುದು, ಸೂಜಿಯ ತೂತುಗಳಿಂದ ಧೂಳು ನುಸುಳದಂತೆ ಹೊಲಿಗೆಯನ್ನು ಮುಚ್ಚುವುದು, ಹರಿದ ಚೀಲವನ್ನು ಹುಡುಕುವುದು, ಹೊರಬರುವ ಗಾಳಿಯನ್ನು ಅಳೆಯುವುದು: ಇವು ಹತ್ತಿರದಲ್ಲಿರುವವರ ಕೆಲಸಗಳು. ಸಿದ್ಧ ಉಡುಪಿನ ಕಾರ್ಖಾನೆಯೂ ಈ ಪ್ರದೇಶದಲ್ಲಿರುವುದರಿಂದ ಹೊಲಿಗೆ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಅಳೆಯಬಲ್ಲವರ ಕೊರತೆಯೇ ಹೆಚ್ಚು.

ಅಡಿಕೆಯ ಸಿಪ್ಪೆಯ ಮಾತನ್ನು ಮಲೆನಾಡಿನವರು ಎತ್ತದೆ ಇರುವುದಿಲ್ಲ. ಸುಲಿಗೆಯ ಕಾಲದಲ್ಲಿ ರಸ್ತೆಯ ಬದಿಯಲ್ಲಿ ರಾಶಿ ಬಿದ್ದು ಹೊಗೆಯಾಡುವ ಆ ಸಿಪ್ಪೆಯಲ್ಲಿ ನಾರಿದೆ, ಅದನ್ನು ಹಿಂಜಿ ಕುಟ್ಟಿ ಹಾಸಿಗೆಯಂತೆ ಮಾಡಲೂಬಹುದು. ಆದರೆ ಆ ನಾರು ನೂರಾರು ಮೈಕ್ರಾನು ದಪ್ಪ. ಒಂದೆರಡು ಮೈಕ್ರಾನಿನ ಎಳೆಯು ಮಾಡುವ ಕೆಲಸವನ್ನು ಅದರಿಂದ ನಿರೀಕ್ಷಿಸಲಾಗದು. ಒರಟು ಧೂಳನ್ನು ಮೊದಲೇ ತಡೆಯುವ ಮುಂಶೋಧಕಕ್ಕೋ, ಕೊಳಚೆನೀರಿನ ತೊಟ್ಟಿಯ ಹಾಸಿಗೆಗೋ ಅದು ಒದಗಬಹುದು.

ಕೊನೆಯದಾಗಿ ಇನ್ನೊಂದು ಲೆಕ್ಕ ಉಳಿದಿದೆ. ನಮ್ಮ ಉದಾಹರಣೆಯ ಐವತ್ತು ಫೌಂಡ್ರಿಗಳು ವರ್ಷಕ್ಕೆ ಮೂರೂವರೆ ಟನ್ನು ಹೊಸ ಬಟ್ಟೆಯನ್ನು ಕೊಂಡರೆ, ಅಷ್ಟೇ ಹಳೆಯ ಬಟ್ಟೆಯು ಸಿಲಿಕಾ ಧೂಳನ್ನು ಹೊತ್ತು ಹೊರಬೀಳುತ್ತದೆ. ಪಾಲಿಯೆಸ್ಟರು ಕೊಳೆಯುವುದಿಲ್ಲ. ಸುಟ್ಟರೆ ಹೊಗೆ; ಬಯಲಿಗೆ ಎಸೆದರೆ ಹಿಡಿದಿಟ್ಟ ಧೂಳೇ ಮತ್ತೆ ಗಾಳಿಗೆ. ಹಳೆಯ ಚೀಲಗಳನ್ನು ಕಳಚುವವನು ಪೆಟ್ಟಿಗೆಯೊಳಗೆ ಇಳಿದು, ಮುಖದ ಹತ್ತಿರದಲ್ಲಿಯೇ ಅವುಗಳನ್ನು ಮಡಿಚಬೇಕಾಗುತ್ತದೆ. ಒಂದು ಇಡೀ ಕಾರ್ಖಾನೆಯ ಎರಡು ವರ್ಷಗಳ ಸೂಕ್ಷ್ಮ ಧೂಳು ಆಗ ಅವನೊಬ್ಬನ ಎದುರಿಗಿರುತ್ತದೆ. ಇನ್ನೂರು ಚೀಲಗಳ ಬೆಲೆಪಟ್ಟಿಯ ಜೊತೆಗೆ ಅವನಿಗೊಂದು ಒಳ್ಳೆಯ ಮುಖವಾಡದ ಬೆಲೆಯನ್ನೂ ಸೇರಿಸಿದ್ದಾರೆಯೇ ಎಂದು, ಮುಂದೊಮ್ಮೆ ಇಂಥ ಕಾರ್ಖಾನೆಯನ್ನು ನೋಡಲು ಹೋದಾಗ, ವಿದ್ಯಾರ್ಥಿಗಳು ವಿಚಾರಿಸಬಹುದು.